ನಾಲ್ಕು ಜನರ ಎದುರಿಗೆ ಕುಣಿಯುವುದು

ಇಂಗ್ಲೆಂಡಿನ ವಾಯವ್ಯ ಕರಾವಳಿಯ ಬ್ಲ್ಯಾಕ್‌ಪೂಲ್ ಎಂಬ ಕಡಲೂರಿನಲ್ಲಿ, ಊರಿಗೆಲ್ಲ ಗುರುತಾಗಿ ನಿಂತಿರುವ ಲೋಹಗೋಪುರದ ಬುಡದಲ್ಲಿ, ಫ್ರಾಂಕ್ ಮ್ಯಾಚಮ್ ಎಂಬ ವಾಸ್ತುಶಿಲ್ಪಿಯ ಕಲ್ಪನೆಯಂತೆ ರೂಪುಗೊಂಡು 1899ರಲ್ಲಿ ಬಾಗಿಲು ತೆರೆದ ಒಂದು ನರ್ತನಶಾಲೆಯುಂಟು. ಮಹಾಗನಿ, ಓಕ್, ವಾಲ್ನಟ್ ಎಂಬ ಮೂರು ಬಗೆಯ ಮರದ 30,602 ತುಂಡುಗಳನ್ನು ಒಂದಕ್ಕೊಂದು ಹೊಂದಿಸಿ ಹಾಸಿದ ಅದರ ನೆಲ 120 ಅಡಿ ಉದ್ದ, 102 ಅಡಿ ಅಗಲ. ಮೇಲೆ ಚಿತ್ರಿತವಾದ ಛಾವಣಿ, ಸುತ್ತಲೂ ಉಪ್ಪರಿಗೆ, ಹೊನ್ನಿನ ಲೇಪ, ದೀಪಗುಚ್ಛಗಳು. ವೇದಿಕೆಯ ನೆಲದೊಳಗಿಂದ ಮೆಲ್ಲನೆ ಮೇಲೇಳುವ ವುರ್ಲಿಟ್ಜರ್ ಆರ್ಗನ್ನು, ಅದರ ಮುಂದೆ ಜನಕ್ಕೆ ಬೆನ್ನುಮಾಡಿ ಕುಳಿತ ವಾದಕ. ನೌಕರಿಯ ನಿಮಿತ್ತ ನಾನೂ ನನ್ನ ಹೆಂಡತಿಯೂ ಎರಡು ವರ್ಷ ಪ್ರೆಸ್ಟನ್ ಪಟ್ಟಣದಲ್ಲಿದ್ದಾಗ, ಪಕ್ಕದ ಮನೆಯ ವಿಧವೆಯೊಬ್ಬರು, ಎಪ್ಪತ್ತು ದಾಟಿದ ವಯಸ್ಸಿನವರು, ಮಳೆ ಹಿಡಿದ ಒಂದು ಮಧ್ಯಾಹ್ನ ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋದರು. ಅವರು ತಮ್ಮ ಕೈಚೀಲದಿಂದ ಬಟ್ಟೆಯ ಸಣ್ಣ ಸಂಚಿಯೊಂದನ್ನು ತೆಗೆದು, ಅದರೊಳಗಿದ್ದ ಬೆಳ್ಳಿಬಣ್ಣದ ಮೆಟ್ಟುಗಳನ್ನು ಮೊಣಕಾಲ ಮೇಲಿಟ್ಟು, ಅವುಗಳ ಒರಟಾದ ಚರ್ಮದ ಅಡಿಯನ್ನು ಪುಟ್ಟ ತಂತಿಬ್ರಷ್ಷಿನಿಂದ ಹತ್ತಾರು ಸಲ ಉಜ್ಜಿ, ಬಳಿಕ ಪೂಜೆಗೆ ಕೂರುವವರ ನಿಧಾನದಿಂದ ಅವನ್ನು ಕಾಲಿಗೆ ತೊಟ್ಟು, ನನ್ನ ಹೆಂಡತಿಯ ಕೈಹಿಡಿದು ಎಬ್ಬಿಸಿದರು. ನಾನು ಮೂವರ ಕೋಟುಗಳನ್ನೂ ತೊಡೆಯ ಮೇಲಿಟ್ಟುಕೊಂಡು ಕಂಬದ ಮಗ್ಗುಲಲ್ಲಿ ಕುಳಿತೆನು.

ಆ ದಿನ ಮಾತ್ರವಲ್ಲ, ಆಮೇಲೆ ಇನ್ನೆರಡು ಸಲ ಹೋದಾಗಲೂ ಹಾಗೆಯೇ ಕುಳಿತೆನು. ಕುಳಿತವನಿಗೆ ಸಂತೋಷವಿರಲಿಲ್ಲವೆಂದು ಯಾರೂ ಭಾವಿಸಬಾರದು. ಸಂಗೀತ ಕಿವಿಗೆ ಬಿದ್ದೊಡನೆಯೆ ಮೇಜಿನ ಕೆಳಗೆ ನನ್ನ ಪಾದ ತಾನಾಗಿಯೇ ತಾಳ ಹಾಕುತ್ತಿತ್ತು. ನೂರಾರು ಮುದುಕರು ಮುದುಕಿಯರು ಜೋಡಿ ಜೋಡಿಯಾಗಿ ಒಂದೇ ದಿಕ್ಕಿಗೆ, ದೊಡ್ಡ ಮಡುವಿನಲ್ಲಿ ಸುಳಿದಾಡುವ ನೀರಿನಂತೆ, ಸುತ್ತಿ ಬರುತ್ತಿದ್ದುದನ್ನು ನೋಡುತ್ತ ನೋಡುತ್ತ ಎದೆ ತುಂಬಿ ಬರುತ್ತಿತ್ತು. ಆದರೆ ಏಳಬೇಕೆಂದು ಮನಸ್ಸು ಮಾಡಿದ ಕ್ಷಣದಲ್ಲಿ ಮೈ ಒಪ್ಪುತ್ತಿರಲಿಲ್ಲ. ಮದುವೆಯಾಗಿ ಇಪ್ಪತ್ತಾರು ವರ್ಷ ಕಳೆದಿದ್ದರೂ, ಬೀದಿಯಲ್ಲಿ ನಡೆಯುವಾಗ ನಾವಿಬ್ಬರೂ ಒಬ್ಬರ ಕೈಯನ್ನೊಬ್ಬರು ಹಿಡಿದವರಲ್ಲ. ನಮ್ಮ ತಂದೆತಾಯಿಗಳು ನಾಲ್ಕು ಜನರ ಎದುರಿಗೆ ಪರಸ್ಪರ ಹೆಸರು ಹಿಡಿದು ಕರೆದವರೂ ಅಲ್ಲ. ‘ನಾಲ್ಕು ಜನ ನೋಡಿದರೆ ಏನಂದುಕೊಂಡಾರು?’ ಎಂಬ ಆ ಒಂದು ಪ್ರಶ್ನೆ, ಕೇಳುವವರಾರೂ ಇಲ್ಲದ ಆ ಪರಸ್ಥಳದಲ್ಲಿಯೂ, ನನ್ನ ಭುಜವನ್ನು ಒತ್ತಿ ಕೂರಿಸುತ್ತಿತ್ತು. ಆ ನಾಲ್ಕು ಜನ ಯಾರೆಂದು ಈಗಲೂ ನಾನರಿಯೆ; ಅಲ್ಲಿದ್ದ ನಾನ್ನೂರು ಜನರಲ್ಲಿ ಒಬ್ಬರೂ ನನ್ನ ಕಡೆಗೆ ತಿರುಗಿ ನೋಡಿರಲಿಲ್ಲ.

ಈ ಭಾವವು ನಮ್ಮ ನಾಡಿಗೆ ಮಾತ್ರ ಸೇರಿದುದೆಂದು ತಿಳಿಯುವುದು ತಪ್ಪು. 1996ರಲ್ಲಿ ಮಸಾಯುಕಿ ಸುವೊ ಎಂಬ ನಿರ್ದೇಶಕರು ತೆಗೆದ ‘ಶಲ್ ವಿ ಡಾನ್ಸ್?’ ಎಂಬ ಜಪಾನೀ ಚಲನಚಿತ್ರದಲ್ಲಿ, ಮಧ್ಯವಯಸ್ಸಿನ ಗೃಹಸ್ಥನೊಬ್ಬನು ಕಚೇರಿಯಿಂದ ಮರಳುವ ದಾರಿಯಲ್ಲಿ ಬಾಲ್‌ರೂಂ ನೃತ್ಯದ ಪಾಠಕ್ಕೆ ಸೇರಿ, ಅದನ್ನು ಹೆಂಡತಿಗೂ ಸಹೋದ್ಯೋಗಿಗಳಿಗೂ ತಿಳಿಯದಂತೆ ಬಚ್ಚಿಡುತ್ತಾನೆ. ಗಂಡನಲ್ಲಿ ಏನೋ ಬದಲಾವಣೆ ಕಂಡ ಆಕೆ ಪತ್ತೇದಾರನನ್ನು ನೇಮಿಸುವವರೆಗೂ ಸಂಗತಿ ಹೋಗುತ್ತದೆ. ಅದನ್ನು ನೋಡುವಾಗ ಅದು ಟೋಕಿಯೊದ ಕಥೆಯೆಂದು ನನಗೆ ಒಮ್ಮೆಯೂ ಅನ್ನಿಸಲಿಲ್ಲ. ಮಲ್ಲೇಶ್ವರದಲ್ಲಿಯೋ ಧಾರವಾಡದಲ್ಲಿಯೋ ನಡೆದಂತಿತ್ತು. ಇನ್ನು ಇಂಗ್ಲೆಂಡಿನವರೇನು ಹುಟ್ಟಿನಿಂದಲೇ ಸಂಕೋಚವನ್ನು ಕಳಚಿಟ್ಟು ಬಂದವರೆ? ಗಂಡೂ ಹೆಣ್ಣೂ ಎದುರೆದುರು ನಿಂತು ಒಬ್ಬರನ್ನೊಬ್ಬರು ಹಿಡಿದುಕೊಂಡು ಸುತ್ತುವ ವಾಲ್ಟ್ಸ್ ನೃತ್ಯವು ಜರ್ಮನ್ ಸೀಮೆಯಿಂದ ಅಲ್ಲಿಗೆ ಹೊಸದಾಗಿ ಬಂದಾಗ, ಕವಿ ಬೈರನ್ನನೇ 1813ರಲ್ಲಿ ಅದನ್ನು ಹೀಗಳೆದು ಒಂದು ವಿಡಂಬನಕಾವ್ಯವನ್ನು ಪ್ರಕಟಿಸಿದನು. 1816ರಲ್ಲಿ ರಾಜಪ್ರತಿನಿಧಿಯ ಔತಣದ ರಾತ್ರಿ ಅದು ನಡೆಯಿತೆಂಬ ಕಾರಣಕ್ಕೆ ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆ ಅದನ್ನು ಅಸಭ್ಯವಾದ ಪರದೇಶೀ ಕುಣಿತವೆಂದು ಬರೆದು, ಹೆಣ್ಣುಮಕ್ಕಳ ತಂದೆತಾಯಿಗಳಿಗೆ ಎಚ್ಚರಿಕೆ ಕೊಟ್ಟಿತು. ಹಾಗೆ ಬೆದರಿದ ಸಮಾಜದ ಮರಿಮಕ್ಕಳ ಮರಿಮಕ್ಕಳೇ ಇಂದು ಚಹದ ಬಟ್ಟಲನ್ನು ಮೇಜಿನ ಮೇಲಿಟ್ಟು ಆ ನೃತ್ಯಕ್ಕೆ ಏಳುತ್ತಿದ್ದಾರೆ.

ನನ್ನ ಬಿಗುಹನ್ನು ಸಡಿಲಿಸಿದುದು ಧೈರ್ಯವಲ್ಲ. ‘ಧೈರ್ಯ ತೆಗೆದುಕೊ, ನಾಚಬೇಡ’ ಎಂಬ ಮಾತು ನಾಚುವವನಿಗೆ ಹೇಳತಕ್ಕ ಮಾತುಗಳಲ್ಲಿ ಅತ್ಯಂತ ನಿಷ್ಪ್ರಯೋಜಕವಾದುದೆಂದು ನನ್ನ ದೃಢವಾದ ಅಭಿಪ್ರಾಯ. ಅದು ಅವನ ಗಮನವನ್ನು ಮತ್ತೆ ಅವನ ಮೇಲೆಯೇ ತಂದು ನಿಲ್ಲಿಸುತ್ತದೆ. ಪ್ರೆಸ್ಟನ್ನಿನ ಚರ್ಚಿನ ಹಜಾರವೊಂದರಲ್ಲಿ ಗುರುವಾರದ ಸಂಜೆಗಳಲ್ಲಿ ಪಾಠ ಹೇಳುತ್ತಿದ್ದ ವೃದ್ಧರೊಬ್ಬರ ಬಳಿಗೆ ಹೆಂಡತಿ ನನ್ನನ್ನು ಕರೆದೊಯ್ದಾಗ, ಅವರು ಧೈರ್ಯದ ಮಾತೆತ್ತಲಿಲ್ಲ. ಆಚೆ ಗೋಡೆಯವರೆಗೆ ನಡೆದುಹೋಗಿ ಬನ್ನಿ ಎಂದರು, ಅಷ್ಟೇ. ನಡೆದು ಬಂದೆ. ಈಗ ಸಂಗೀತದೊಂದಿಗೆ ನಡೆದು ಬನ್ನಿ ಎಂದರು. ನಡೆದು ಬಂದೆ. ಇಂಗ್ಲಿಷ್ ಪದ್ಧತಿಯ ಬಾಲ್‌ರೂಂ ನೃತ್ಯದ ರಹಸ್ಯವೇ ಇದು: ಹಿಂದಿನ ಕಾಲದ ಬ್ಯಾಲೆಯಿಂದ ಬಂದಿದ್ದ, ಪಾದಗಳನ್ನು ಹೊರಕ್ಕೆ ತಿರುಗಿಸಿಡುವ ನಿಲುವುಗಳನ್ನು ಕೈಬಿಟ್ಟು, ಮನುಷ್ಯನು ದಿನವೂ ನಡೆಯುವ ಸಹಜವಾದ ನಡಿಗೆಯನ್ನೇ, ಪಾದಗಳು ಸಮಾನಾಂತರವಾಗಿರುವಂತೆ, ಅದು ತನ್ನ ಅಸ್ತಿಭಾರವಾಗಿ ಮಾಡಿಕೊಂಡಿದೆ. ಬಸ್‌ನಿಲ್ದಾಣದಿಂದ ಮನೆಯವರೆಗೆ ನಡೆದು ಬರಬಲ್ಲವನು ಅರ್ಧ ವಿದ್ಯೆಯನ್ನು ಕಲಿತೇ ಬಂದಿದ್ದಾನೆ.

ಬಳಿಕ ಅವರು ಹಿಡಿತವನ್ನು ತೋರಿಸಿದರು. ನನ್ನ ಎಡಗೈಯಲ್ಲಿ ಆಕೆಯ ಬಲಗೈ. ನನ್ನ ಬಲ ಅಂಗೈ ಆಕೆಯ ಎಡ ಹೆಗಲೆಲುಬಿನ ಮೇಲೆ. ಆಕೆಯ ಎಡಗೈ ನನ್ನ ತೋಳಿನ ಮೇಲೆ. ಮೊಣಕೈಗಳು ಇಳಿಬೀಳದೆ ಒಂದೇ ಮಟ್ಟದಲ್ಲಿ ಹಾಗೆಯೇ ನಿಲ್ಲಬೇಕು. ಎದೆಯ ಎರಡು ಕೊರಳೆಲುಬುಗಳು ಪರಸ್ಪರ ದೂರ ಸರಿಯುತ್ತಿವೆಯೋ ಎಂಬಂತೆ ಮೈ ಅಗಲವಾಗಬೇಕು. ಇಲ್ಲಿ ನಮ್ಮ ಭಾಷೆಯ ಒಂದು ಶಬ್ದದ ಆಳ ನನಗೆ ತಟಕ್ಕನೆ ಹೊಳೆಯಿತು. ನಾಚಿಕೆ, ಲಜ್ಜೆ, ಬಿಡೆ, ಹಿಂಜರಿಕೆ ಎಂದು ಈ ಭಾವಕ್ಕೆ ಕನ್ನಡದಲ್ಲಿ ಹಲವು ಹೆಸರುಗಳಿದ್ದರೂ, ಹೆಚ್ಚಾಗಿ ನಾವು ಬಳಸುವುದು ಸಂಕೋಚವೆಂಬ ಸಂಸ್ಕೃತಪದವನ್ನು; ಸಂಕೋಚವೆಂದರೆ ಮುದುಡುವುದು, ಕುಗ್ಗುವುದು, ಒಳಗೊಳಗೆ ಸೇರಿಹೋಗುವುದು. ಇದು ಅಲಂಕಾರದ ಮಾತಲ್ಲ. ಸಂಕೋಚಪಟ್ಟವನ ಭುಜಗಳು ನಿಜವಾಗಿಯೂ ಮುಂದಕ್ಕೆ ಬಾಗುತ್ತವೆ, ಮೊಣಕೈಗಳು ಪಕ್ಕೆಗೆ ಅಂಟುತ್ತವೆ, ಗದ್ದ ಎದೆಗೆ ಇಳಿಯುತ್ತದೆ, ಉಸಿರು ಗಂಟಲಲ್ಲೇ ನಿಲ್ಲುತ್ತದೆ. ಬಾಲ್‌ರೂಂ ನೃತ್ಯದ ಹಿಡಿತವಾದರೋ ಈ ಪ್ರತಿಯೊಂದು ಅವಯವವನ್ನೂ ಎದುರು ದಿಕ್ಕಿಗೆ ಕೊಂಡೊಯ್ಯುತ್ತದೆ. ಮನಸ್ಸು ಅರಳುವ ತನಕ ಕಾಯದೆ ಮೊದಲು ಮೈಯನ್ನು ಅರಳಿಸುತ್ತದೆ. ಅರಳಿದ ಮೈಯೊಳಗೆ ಮುದುಡಿದ ಮನಸ್ಸು ಬಹಳ ಹೊತ್ತು ಇರಲಾರದೆಂಬುದನ್ನು ನಾನು ಆ ಹಜಾರದಲ್ಲಿ, ಪಾತ್ರೆ ತೊಳೆಯುವ ಸೋಪಿನ ವಾಸನೆಯ ನಡುವೆ, ಮೂರನೆಯ ಗುರುವಾರದಂದು ಕಂಡುಕೊಂಡೆನು.

ವಾಲ್ಟ್ಸಿನ ಲೆಕ್ಕ ನನಗೆ ಇಂಗ್ಲಿಷಿನಲ್ಲಿ ಹಿಡಿಯಲಿಲ್ಲ. ಒಂದು, ಎರಡು, ಮೂರು ಎಂದು ಅವರು ಎಣಿಸುತ್ತಿದ್ದಾಗ ನನ್ನ ಕಾಲು ಎರಡರಲ್ಲಿಯೇ ತಡವರಿಸುತ್ತಿತ್ತು. ಒಂದು ಸಂಜೆ ಹೆಂಡತಿ ನನ್ನ ಕಿವಿಯ ಹತ್ತಿರ, ‘ರೀ, ತಕಿಟ ಅಂದ್ಕೊಳ್ಳಿ, ಸಾಕು’ ಎಂದಳು. ತಕಿಟ, ತಕಿಟ, ತಕಿಟ. ಚಿಕ್ಕಂದಿನಲ್ಲಿ ಅವಳು ಕಲಿತಿದ್ದ ಸಂಗೀತಪಾಠದ ತಿಶ್ರದ ನಡೆ, ಆಸ್ಟ್ರಿಯದ ಹಳ್ಳಿಗರ ಲೆಂಡ್ಲರ್ ಎಂಬ ಕುಣಿತದ ಸಂತತಿಯಾದ ಈ ನೃತ್ಯಕ್ಕೆ ಅಳತೆಮಾಡಿ ಹೊಲಿದಂತೆ ಹೊಂದಿಕೊಂಡಿತು. ಕಾಲುಗಳು ಎರಡು, ಅಕ್ಷರಗಳು ಮೂರು. ಆದುದರಿಂದ ಒಂದು ಆವರ್ತನದ ‘ತ’ ಎಡಗಾಲಿಗೆ ಬಿದ್ದರೆ ಮುಂದಿನದರ ‘ತ’ ಬಲಗಾಲಿಗೆ ಬೀಳುತ್ತದೆ, ಹೀಗೆ ಭಾರವು ತೊಟ್ಟಿಲಿನಂತೆ ಆಚೀಚೆ ತೂಗುತ್ತದೆ. ತೊಟ್ಟಿಲ ಸುಖವೇ ಆ ನೃತ್ಯದ ಸುಖ. ಅದರ ನಿಧಾನವಾದ ಇಂಗ್ಲಿಷ್ ರೂಪದಲ್ಲಿ ನಿಮಿಷಕ್ಕೆ ಮೂವತ್ತರ ಹತ್ತಿರ ಆವರ್ತನಗಳಿರುತ್ತವೆ; ವಿಯೆನ್ನದವರದು ಅದರ ಸುಮಾರು ಇಮ್ಮಡಿ ವೇಗ. ಇನ್ನೊಂದು ಸಂಗತಿಯನ್ನೂ ಹೇಳಬೇಕು. ಆರಂಭಿಸುವವರಿಗೆ ಹೇಳಿಕೊಡುವಾಗ ಗಂಡಸು ಎಡಗಾಲನ್ನು ಮುಂದಿಡುತ್ತಾನೆ, ಹೆಂಗಸು ಬಲಗಾಲನ್ನು ಹಿಂದಿಡುತ್ತಾಳೆ. ಅಂದರೆ ಆಕೆ ತನ್ನ ಬೆನ್ನ ಹಿಂದೆ ಏನಿದೆಯೆಂದು ಕಾಣದೆಯೇ ನಡೆಯುತ್ತಾಳೆ. ಗೋಡೆಯೋ ಮೇಜೋ ಮತ್ತೊಂದು ಜೋಡಿಯೋ ಎದುರಾದರೆ ನೋಡಿಕೊಳ್ಳಬೇಕಾದವನು ಇವನು. ಆಕೆಯ ಹಿಮ್ಮಡಿಯನ್ನು ಕಾಯುವ ಹೊಣೆ ಹೊತ್ತವನಿಗೆ ತಾನು ಹೇಗೆ ಕಾಣುತ್ತಿದ್ದೇನೆಂದು ಯೋಚಿಸುವುದಕ್ಕೆ ಬಿಡುವೆಲ್ಲಿ? ನನ್ನ ಸಂಕೋಚವು ಸೋತು ಓಡಿಹೋಯಿತೆಂದು ನಾನು ಹೇಳಲಾರೆ. ಅದಕ್ಕೆ ಕುಳಿತುಕೊಳ್ಳಲು ಜಾಗ ಸಿಕ್ಕಲಿಲ್ಲವೆಂದು ಹೇಳಬಲ್ಲೆ.

ಈ ನೃತ್ಯಪದ್ಧತಿ ಹೀಗೆ ರೂಪುಗೊಂಡುದರ ಹಿಂದೆ ಒಂದು ಇತಿಹಾಸವೂ ಉಂಟು. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ಲಂಡನ್ನಿನ ಹ್ಯಾಮರ್‌ಸ್ಮಿತ್‌ನಲ್ಲಿ ಪ್ಯಾಲೆ ಎಂಬ ಸಾರ್ವಜನಿಕ ನರ್ತನಶಾಲೆ ತೆರೆಯಿತು. ಅದರ ಬೆನ್ನಿಗೆ ಅಂಗಡಿಯ ಗುಮಾಸ್ತರೂ ಗಿರಣಿಯ ಹುಡುಗಿಯರೂ ತಮ್ಮ ಸಂಬಳದಲ್ಲಿ ಹೋಗಿ ಕುಣಿಯಬಲ್ಲ ಇಂಥ ಶಾಲೆಗಳು ಊರೂರಿನಲ್ಲಿ ಹುಟ್ಟಿಕೊಂಡುವು. ಅಮೆರಿಕದಿಂದ ಬಂದ ಹೊಸ ಸಂಗೀತಕ್ಕೆ ಒಬ್ಬೊಬ್ಬರು ಒಂದೊಂದು ಬಗೆಯಾಗಿ ಹೆಜ್ಜೆ ಹಾಕುತ್ತಿದ್ದುದರಿಂದ, ‘ಡಾನ್ಸಿಂಗ್ ಟೈಮ್ಸ್’ ಪತ್ರಿಕೆಯ ಸಂಪಾದಕರಾದ ಫಿಲಿಪ್ ರಿಚರ್ಡ್‌ಸನ್ನರು 1920ರಲ್ಲಿ ನೃತ್ಯಶಿಕ್ಷಕರ ಸಭೆಯೊಂದನ್ನು ಕರೆದರು. 1929ರಲ್ಲಿ ಸೇರಿದ ದೊಡ್ಡ ಸಮ್ಮೇಳನದ ಹೊತ್ತಿಗೆ ಯಾವ ನೃತ್ಯಕ್ಕೆ ಯಾವ ಹೆಜ್ಜೆ, ಯಾವ ವೇಗ ಎಂಬುದು ಬಹುಮಟ್ಟಿಗೆ ನಿಶ್ಚಿತವಾಯಿತು. 1922ರಲ್ಲಿ ವಿಶ್ವಸ್ಪರ್ಧೆಯನ್ನು ಗೆದ್ದ ವಿಕ್ಟರ್ ಸಿಲ್ವೆಸ್ಟರ್ ಎಂಬವರು ಮುಂದೆ ತಮ್ಮದೇ ವಾದ್ಯವೃಂದವನ್ನು ಕಟ್ಟಿ, ಲಯ ಎಳ್ಳಷ್ಟೂ ಅಲುಗದ ಧ್ವನಿಮುದ್ರಿಕೆಗಳನ್ನು ನುಡಿಸಿ, ಮನೆಯ ನಡುಮನೆಯಲ್ಲಿಯೇ ಜನ ಅಭ್ಯಾಸ ಮಾಡುವಂತೆ ಮಾಡಿದರು. ಇಂಥ ಕಟ್ಟುಪಾಡುಗಳು ಕಲೆಯ ಸ್ವಾತಂತ್ರ್ಯವನ್ನು ಕೊಲ್ಲುತ್ತವೆಂದು ಆಕ್ಷೇಪಿಸುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ನಮ್ಮ ಕಚೇರಿಗಳಲ್ಲಿ ಮೈಸೂರಿನ ಗಾಯಕರೂ ಚೆನ್ನೈಯ ಮೃದಂಗದವರೂ ಒಂದು ದಿನವೂ ಜೊತೆಯಾಗಿ ಅಭ್ಯಾಸ ಮಾಡದೆ, ವೇದಿಕೆಯ ಮೇಲೆಯೇ ಮೊದಲು ಸಂಧಿಸಿ, ಮೂರು ತಾಸು ಕೂಡಿ ನಡೆಸಬಲ್ಲರು. ಆದಿತಾಳವೆಂಬುದು ಇಬ್ಬರ ನಡುವೆ ಮೊದಲೇ ಆಗಿರುವ ಒಡಂಬಡಿಕೆಯಾದುದರಿಂದ ಅದು ಸಾಧ್ಯ. ಹಾಗೆಯೇ ಒಬ್ಬರ ಹೆಸರು ಒಬ್ಬರಿಗೆ ತಿಳಿಯದ ಇಬ್ಬರು ಅಪರಿಚಿತರು, ಮಾತೇ ಆಡದೆ, ಮೂರು ನಿಮಿಷ ಒಂದಾಗಿ ಚಲಿಸಬಲ್ಲರು. ಮಾತು ಕಟ್ಟಿಹೋಗುವ ಸ್ವಭಾವದವನಿಗೆ ಇದಕ್ಕಿಂತ ದಯಾಪೂರ್ಣವಾದ ಏರ್ಪಾಡು ಬೇರೆ ಯಾವುದಿದೆ?

ದಯೆಯೆಂದೆನು, ಆ ಮಾತನ್ನು ಬೇಕೆಂದೇ ಬಳಸಿದೆನು. ನರ್ತನಾಂಗಣದ ಶಿಷ್ಟಾಚಾರಗಳೆಲ್ಲ ಮೇಲುನೋಟಕ್ಕೆ ಶ್ರೀಮಂತರ ಬಿಂಕವಾಗಿ ಕಂಡರೂ, ಒಳಹೊಕ್ಕು ನೋಡಿದರೆ ಅವು ನಾಚುವವರನ್ನು ಕಾಪಾಡಲು ನಾಚುವವರೇ ಕಟ್ಟಿಕೊಂಡ ಬೇಲಿಗಳು. ಬ್ಯೂನಸ್ ಐರಿಸ್ ನಗರದ ಟ್ಯಾಂಗೊ ಕೂಟಗಳಲ್ಲಿ ‘ಕಬೆಸೆಯೊ’ ಎಂಬುದೊಂದು ಪದ್ಧತಿಯಿದೆ. ಗಂಡಸು ಎದ್ದು ಬಂದು ಹೆಂಗಸಿನ ಮುಂದೆ ಕೈಚಾಚುವುದಿಲ್ಲ. ಅಂಗಣದ ಈಚೆಯಿಂದ ಆಚೆಗೆ ನೋಟ ಹಾಯಿಸುತ್ತಾನೆ. ಆಕೆಗೆ ಒಪ್ಪಿಗೆಯಿದ್ದರೆ ಆಕೆಯೂ ನೋಟವನ್ನು ಸೇರಿಸುತ್ತಾಳೆ, ಇವನು ತಲೆಯನ್ನು ಕೊಂಚ ಬಾಗಿಸುತ್ತಾನೆ, ಅಲ್ಲಿಗೆ ಮಾತು ಮುಗಿಯಿತು. ಒಪ್ಪಿಗೆಯಿಲ್ಲದಿದ್ದರೆ ಆಕೆ ಬೇರೆಡೆಗೆ ನೋಡುತ್ತಾಳೆ, ನಿರಾಕರಣೆ ನಡೆದುದು ಮೂರನೆಯವರಿಗೆ ತಿಳಿಯುವುದೇ ಇಲ್ಲ. ಒಬ್ಬರೊಡನೆ ಮೂರೋ ನಾಲ್ಕೋ ಹಾಡುಗಳ ಒಂದು ಗುಚ್ಛ ಮುಗಿದ ಮೇಲೆ ನಡುವೆ ಬೇರೆಯ ಬಗೆಯ ಸಂಗೀತದ ತುಣುಕೊಂದು ಕೇಳಿಬರುತ್ತದೆ. ಆಗ ಎಲ್ಲರೂ ತಮ್ಮ ತಮ್ಮ ಆಸನಗಳಿಗೆ ಮರಳುತ್ತಾರೆ. ಇನ್ನು ಸಾಕೆಂದು ಯಾರೂ ಯಾರಿಗೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ವಿಯೆನ್ನದಲ್ಲಿ ಚಳಿಗಾಲದ ಋತುವೊಂದರಲ್ಲಿ ನೃತ್ಯಕೂಟಗಳ ಸಂಖ್ಯೆ 400ನ್ನು ಮೀರುತ್ತದೆ; ಹೂವಾಡಿಗರಿಗೊಂದು, ವೈದ್ಯರಿಗೊಂದು, ಕಾಫಿ ಅಂಗಡಿಯವರಿಗೊಂದು. ಹದಿನೈದು ಹದಿನಾರರ ವಯಸ್ಸಿನ ಮಕ್ಕಳನ್ನು ಅಲ್ಲಿಯ ಅನೇಕ ಮನೆತನಗಳವರು, ನಾವು ಈಜು ಕಲಿಸಲು ಕಳಿಸುವಂತೆ, ನೃತ್ಯಶಾಲೆಗೆ ಕಳಿಸುತ್ತಾರೆ. ಮನುಷ್ಯನು ತನ್ನ ಮೈಯ ಬಗ್ಗೆ ಅತಿ ಹೆಚ್ಚು ನಾಚುವ ವಯಸ್ಸಿನಲ್ಲಿಯೇ ಅವರಿಗೆ ಕೈ ಎಲ್ಲಿಡಬೇಕು, ಹೇಗೆ ಕೇಳಬೇಕು, ಹೇಗೆ ಬೀಳ್ಕೊಡಬೇಕು ಎಂಬುದು ತಿಳಿದುಹೋಗುತ್ತದೆ.

ನಮ್ಮಲ್ಲಿ ಈಗ ನಡೆಯುತ್ತಿರುವುದು ಇದಕ್ಕೆ ತದ್ವಿರುದ್ಧವಾದುದೆಂದು ನನಗೆ ಬಹಳ ಕಳವಳ. ಮದುವೆಯ ಹಿಂದಿನ ರಾತ್ರಿ ವಧೂವರರೂ ಅವರ ನೆಂಟರಿಷ್ಟರೂ, ತಿಂಗಳ ಕಾಲ ಹಣ ತೆತ್ತು ಕಲಿತ ಹೆಜ್ಜೆಗಳನ್ನು, ಎತ್ತರದ ವೇದಿಕೆಯ ಮೇಲೆ, ಕ್ಯಾಮೆರಾಗಳ ಎದುರಿಗೆ ಪ್ರದರ್ಶಿಸುತ್ತಾರೆ. ಕುಣಿಯಲು ಬರುವವರು ವೇದಿಕೆ ಹತ್ತುತ್ತಾರೆ, ಬಾರದವರು ಕುರ್ಚಿಗೆ ಅಂಟಿಕೊಳ್ಳುತ್ತಾರೆ, ನಡುವೆ ಮತ್ತೊಂದು ದಾರಿಯಿಲ್ಲ. ಕುಣಿತವೆಂದರೆ ನೋಡತಕ್ಕದ್ದು, ಮಾಡತಕ್ಕದ್ದಲ್ಲ ಎಂಬ ಭಾವನೆ ಬಲಿಯುತ್ತಿರುವ ಕಡೆ ಸಂಕೋಚವು ಬೆಳೆಯದೆ ಇನ್ನೇನಾದೀತು? ಈ ನಾಡು ಮೊದಲಿನಿಂದಲೂ ಹೀಗಿರಲಿಲ್ಲ. ಕೊಡಗಿನ ಮದುವೆಯ ಮನೆಯಲ್ಲಿ ವಾಲಗ ಮೊಳಗಿದೊಡನೆ ಮೊಮ್ಮಗನೂ ಅಜ್ಜಿಯೂ ಒಂದೇ ಅಂಗಳದಲ್ಲಿ ಕೈಯೆತ್ತಿ ಕುಣಿಯುತ್ತಾರೆ, ಅಲ್ಲಿ ಚೆನ್ನಾಗಿ ಕುಣಿದವರು ಯಾರೆಂದು ಯಾರೂ ಕೇಳುವುದಿಲ್ಲ. ಕೋಲಾರದ ಚಿನ್ನದ ಗಣಿಯ ಊರಿನಲ್ಲಿಯೂ ಹುಬ್ಬಳ್ಳಿಯ ರೈಲ್ವೆ ವಸತಿಯಲ್ಲಿಯೂ ಆಂಗ್ಲೋ ಇಂಡಿಯನ್ ಕುಟುಂಬಗಳು ಕ್ರಿಸ್‌ಮಸ್ ದಿನಗಳ ರಾತ್ರಿ ವಾಲ್ಟ್ಸನ್ನೂ ಫಾಕ್ಸ್‌ಟ್ರಾಟನ್ನೂ ಆಡುತ್ತಿದ್ದುವು; ಮಂಗಳೂರಿನ ಕ್ರೈಸ್ತರ ಮದುವೆಯ ಔತಣಗಳಲ್ಲಿ ಆ ಸಂಪ್ರದಾಯ ಇಂದಿಗೂ ಬಾಳುತ್ತಿದೆ. ಪ್ರೌಢನಾದ ಗಂಡಸಿಗೆ ಇದು ತಕ್ಕುದಲ್ಲವೆಂಬ ಹಿರಿಯರ ಆಕ್ಷೇಪಕ್ಕೆ ನಾನು ವಿರಾಟನಗರಿಯ ನರ್ತನಶಾಲೆಯನ್ನು ನೆನಪಿಸುತ್ತೇನೆ: ಗಾಂಡೀವವನ್ನು ಬನ್ನಿಯ ಮರದ ಮೇಲಿಟ್ಟು ಬಂದ ವೀರನು ಒಂದು ವರ್ಷದ ಅಜ್ಞಾತವಾಸವನ್ನು ಕಳೆದುದು ಉತ್ತರೆಗೆ ಹೆಜ್ಜೆ ಹೇಳಿಕೊಡುತ್ತಲೇ ಅಲ್ಲವೆ?

ನೃತ್ಯವು ಆರೋಗ್ಯಕ್ಕೆ ಒಳ್ಳೆಯದೆಂಬ ವಾದವೂ ಉಂಟು. ನ್ಯೂಯಾರ್ಕಿನಲ್ಲಿ 75 ವರ್ಷ ಮೀರಿದ 469 ಮಂದಿಯನ್ನು ಹಲವು ವರ್ಷ ಗಮನಿಸಿ 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೈದಣಿವಿನ ಹವ್ಯಾಸಗಳ ಪೈಕಿ ಮರೆವಿನ ರೋಗದ ಅಪಾಯ ಕಡಿಮೆಯಿದ್ದುದಕ್ಕೆ ಸಂಬಂಧ ಕಂಡುಬಂದುದು ನೃತ್ಯಕ್ಕೆ ಮಾತ್ರ. ಸಂತೋಷದ ಸುದ್ದಿಯೇ. ಆದರೂ ಔಷಧಿಯೆಂದು ಹೇಳಿ ಯಾರನ್ನೂ ನರ್ತನಾಂಗಣಕ್ಕೆ ಕರೆಯಲು ನನಗೆ ಮನಸ್ಸು ಬಾರದು. ಸುಖವು ತನ್ನ ಸಮರ್ಥನೆಗೆ ವೈದ್ಯರ ಚೀಟಿ ತರಬೇಕಾಗಿಲ್ಲ.

ನಾನು ಕೇಳುವುದು ಚಿಕ್ಕದು. ನಮ್ಮ ಪ್ರತಿಯೊಂದು ಬಡಾವಣೆಯಲ್ಲಿಯೂ ಮುಹೂರ್ತವಿಲ್ಲದ ತಿಂಗಳುಗಳಲ್ಲಿ ಬೀಗ ಹಾಕಿಕೊಂಡಿರುವ ಕಲ್ಯಾಣಮಂಟಪಗಳಿವೆ, ಸಂಘಗಳ ಸಮುದಾಯಭವನಗಳಿವೆ. ವಾರಕ್ಕೊಂದು ಸಂಜೆ ಎರಡು ತಾಸು ಅಲ್ಲಿಯ ಕುರ್ಚಿಗಳನ್ನು ಗೋಡೆಗೆ ಸರಿಸಿ, ನಲವತ್ತು ದಾಟಿದವರಿಗಾಗಿ ಈ ಜೋಡಿನೃತ್ಯವನ್ನು ಹೇಳಿಕೊಡಲಿ. ವೇದಿಕೆಯ ದೀಪ ಹೊತ್ತಿಸುವುದು ಬೇಡ, ಫೋನುಗಳು ಚೀಲದಲ್ಲಿರಲಿ, ವಾರ್ಷಿಕೋತ್ಸವ, ಬಹುಮಾನ ಯಾವುದೂ ಬೇಡ. ಗಂಡಹೆಂಡಿರೇ ಬರಬೇಕೆಂಬ ನಿರ್ಬಂಧವೂ ಬೇಡ. ಬ್ಲ್ಯಾಕ್‌ಪೂಲಿನಲ್ಲಿ ಗೆಳತಿಯರಿಬ್ಬರು ಜೊತೆಯಾಗಿ ಸುತ್ತುತ್ತಿದ್ದುದು ನಿತ್ಯದ ನೋಟ, ಅಕ್ಕತಂಗಿಯರೋ ಅಣ್ಣತಮ್ಮಂದಿರೋ ತಾಯಿಮಗನೋ ಬರಲಿ. ಕಲಿಸುವವರು ಮೊದಲ ದಿನ ಗೋಡೆಯಿಂದ ಗೋಡೆಗೆ ನಡೆಸಲಿ, ಅಷ್ಟು ಸಾಕು.

ಹೋದ ಜನವರಿಯಲ್ಲಿ ಹಳೆಯ ಸಹೋದ್ಯೋಗಿಯೊಬ್ಬರ ಮಗಳ ಮದುವೆಗೆ ಮಂಗಳೂರಿಗೆ ಹೋಗಿದ್ದೆವು. ಊಟಕ್ಕೆ ಮುಂಚೆ ಮದುಮಕ್ಕಳ ಮೊದಲ ವಾಲ್ಟ್ಸ್ ಮುಗಿದು, ಬ್ಯಾಂಡಿನವರು ಹಿರಿಯರನ್ನೆಲ್ಲ ಅಂಗಣಕ್ಕೆ ಕರೆದಾಗ, ಹೆಂಡತಿ ಕೈಚೀಲವನ್ನು ಕುರ್ಚಿಯ ಮೇಲಿಟ್ಟು ಸೀರೆಯ ನೆರಿಗೆಯನ್ನು ಕೊಂಚ ಮೇಲಕ್ಕೆ ಸಿಕ್ಕಿಸಿಕೊಂಡಳು. ನಮ್ಮ ಪಂಕ್ತಿಯಲ್ಲಿ ಕುಳಿತಿದ್ದ, ನನಗೆ ಪರಿಚಯವಿಲ್ಲದ ಹಿರಿಯರೊಬ್ಬರು, ನಾವು ಏಳುವುದನ್ನು ಗಮನಿಸಿ, ತಮ್ಮ ಹೆಂಡತಿಯ ಕಡೆಗೊಮ್ಮೆ ನೋಡಿ, ನನ್ನ ಹತ್ತಿರಕ್ಕೆ ಬಾಗಿ, ಇತರರಿಗೆ ಕೇಳಿಸದಂಥ ದನಿಯಲ್ಲಿ, ‘ಮೊದ್ಲು ಯಾವ ಕಾಲು ಸ್ವಾಮಿ?’ ಎಂದರು.

‘ನಿಮಗೆ ಎಡಗಾಲು’ ಎಂದೆನು. ‘ಅಮ್ಮನವರಿಗೆ ಬಲಗಾಲು.’

‘ಬಲಗಾಲು’ ಎಂದು ಆಕೆಗೆ ಹೇಳುತ್ತ ಅವರು ಎದ್ದು ನಿಂತರು.